ಗೇಟು ಕೈಗಾದ್ದು, ಸಂಬಳ ಯಾರದ್ದು?

ಕಾರವಾರ, ಅಂಕೋಲಾ ಕಡೆ ಯಾರನ್ನಾದರೂ "ಮಗ ಏನು ಮಾಡ್ತಾ ಇದ್ದಾನೆ?" ಅಂತ ಕೇಳಿ ನೋಡಿ. "ಕೈಗಾದಲ್ಲಿದ್ದಾನೆ", "ಸೀಬರ್ಡ್‌ನಲ್ಲಿದ್ದಾನೆ", ಇಲ್ಲವೇ "ಗೋವಾದಲ್ಲಿದ್ದಾನೆ" ಅನ್ನುವ ಉತ್ತರ ಬರುತ್ತದೆ. ಕೈಗಾ ಅಂದರೆ ಅಣು ವಿದ್ಯುತ್ ಸ್ಥಾವರ, ಸೀಬರ್ಡ್ ಅಂದರೆ ನೌಕಾನೆಲೆ ಯೋಜನೆ. ಅಲ್ಲಿಗೇ ಬಿಡಬೇಡಿ. "ಸಂಬಳ ಯಾರು ಹಾಕ್ತಾರೆ?" ಅಂತ ಇನ್ನೊಂದು ಪ್ರಶ್ನೆ ಕೇಳಿ. ಈಗ ಉತ್ತರ ಸ್ವಲ್ಪ ತಡವಾಗುತ್ತದೆ. ಯಾರೋ ಗುತ್ತಿಗೆದಾರರು. ಹೋದ ವರ್ಷ ಒಬ್ಬರು, ಈ ವರ್ಷ ಇನ್ನೊಬ್ಬರು. ಗೇಟು ಅದೇ, ಹೆಲ್ಮೆಟ್ಟು ಅದೇ, ಮಾಡುವ ಕೆಲಸವೂ ಅದೇ. ಟೆಂಡರ್ ಬದಲಾದಾಗಲೆಲ್ಲ ಮಾಲೀಕ ಮಾತ್ರ ಬದಲಾಗುತ್ತಾನೆ.

"ಜಿಲ್ಲೆಯಲ್ಲಿ ಕೆಲಸವೇ ಇಲ್ಲ" ಅನ್ನುವ ದೂರನ್ನು ನಾವು ಎಲ್ಲ ಚುನಾವಣೆಯಲ್ಲೂ ಕೇಳುತ್ತೇವೆ. ಅದು ಅರ್ಧ ಸತ್ಯ. ಉತ್ತರ ಕನ್ನಡದಲ್ಲಿ ಕೆಲಸ ಇದೆ. ಬಹಳಷ್ಟು ಕೆಲಸ ಮುಗಿದ ಮೇಲೆ ಕೈಯಲ್ಲಿ ಏನೂ ಉಳಿಯುವುದಿಲ್ಲ ಅನ್ನುವುದು ದೊಡ್ಡ ಸಮಸ್ಯೆ. ಐದು ವರ್ಷ ದುಡಿದವನ ಹತ್ತಿರ ಒಂದು ಅನುಭವ ಪತ್ರ ಇರುವುದಿಲ್ಲ, ಪಿಎಫ್ ಖಾತೆ ಅರ್ಧಂಬರ್ಧ, ಹೇಳಿಕೊಳ್ಳಲು ಒಂದು ಹುದ್ದೆಯ ಹೆಸರೂ ಇಲ್ಲ. ಕಾಲ ಚೆನ್ನಾಗಿದ್ದಾಗ ಇದು ಗೊತ್ತಾಗುವುದಿಲ್ಲ. ಬೆಂಗಳೂರಿನ ಬಾಗಿಲು ಸಣ್ಣದಾಗಿರುವ ಈಗ ಚೆನ್ನಾಗಿ ಗೊತ್ತಾಗುತ್ತಿದೆ.

ಮೊದಲು ಜಿಲ್ಲೆಯ ಲೆಕ್ಕ ನೋಡೋಣ. 2011ರ ಜನಗಣತಿಯಲ್ಲಿ ನಮ್ಮ ಜನಸಂಖ್ಯೆ 14 ಲಕ್ಷ ದಾಟಿತ್ತು. ನೆಲದ ಬಹುಪಾಲು ಕಾಡು, ಹಾಗಾಗಿ ದೊಡ್ಡ ಕಾರ್ಖಾನೆಗಳು ಬೆರಳೆಣಿಕೆಯಷ್ಟು. ದಾಂಡೇಲಿಯ ಕಾಗದ ಕಾರ್ಖಾನೆ 1955ರ ಕಾಲದ್ದು. ಬಿಣಗಾದಲ್ಲಿ ರಾಸಾಯನಿಕ ಕಾರ್ಖಾನೆ ಇದೆ. ಕೈಗಾದಲ್ಲಿ ತಲಾ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳಿವೆ. ಅದರ ಮೊದಲ ಘಟಕ 2018ರಲ್ಲಿ ಸತತ 962 ದಿನ ಓಡಿ ವಿಶ್ವದಾಖಲೆ ಮಾಡಿದ್ದು ನಿಮಗೆ ನೆನಪಿರಬಹುದು. ಸೀಬರ್ಡ್‌ಗೆ 1986ರಲ್ಲಿ ಅಡಿಗಲ್ಲು ಬಿತ್ತು. 2005ರಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ ಕೆಲಸ ಶುರುಮಾಡಿತು. ಅದಕ್ಕಾಗಿ ಊರು ಬಿಟ್ಟ ಕುಟುಂಬಗಳು ಸಾವಿರಾರು.

ಇಷ್ಟು ದೊಡ್ಡ ಯೋಜನೆಗಳಿದ್ದರೂ ಇಲ್ಲಿನವರಿಗೆ ಕಾಯಂ ಕೆಲಸ ಯಾಕೆ ಕಡಿಮೆ? ಕಾರಣದಲ್ಲಿ ದೊಡ್ಡ ಗುಟ್ಟೇನಿಲ್ಲ. ಅಣು ವಿದ್ಯುತ್ ಸ್ಥಾವರದ, ನೌಕಾನೆಲೆಯ ಕಾಯಂ ಹುದ್ದೆಗಳಿಗೆ ದೇಶದ ಎಲ್ಲ ಕಡೆಯಿಂದ ಅರ್ಜಿ ಬರುತ್ತದೆ. ಎಂಜಿನಿಯರ್‌ಗಳಿಗೆ "ಗೇಟ್" ಅನ್ನುವ ರಾಷ್ಟ್ರಮಟ್ಟದ ಪರೀಕ್ಷೆಯ ಅಂಕ ಬೇಕು. ತಂತ್ರಜ್ಞರ ತರಬೇತಿಗೆ ಲಿಖಿತ ಪರೀಕ್ಷೆ, ಕೌಶಲ ಪರೀಕ್ಷೆ. ಕೈಗಾ ರಸ್ತೆಯ ಮಲ್ಲಾಪುರದ ಹುಡುಗ ಅಲ್ಲಿ ರಾಜಸ್ಥಾನ, ಕೇರಳದ ಹುಡುಗರ ಜೊತೆ ಸ್ಪರ್ಧಿಸಬೇಕು. ಊರಿನವರಿಗೆ ಸುಲಭವಾಗಿ ಸಿಗುವುದು ಗುತ್ತಿಗೆಯ ಕೆಲಸ. ವಾಹನ ಚಾಲನೆ, ಕ್ಯಾಂಟೀನು, ಸ್ವಚ್ಛತೆ, ತೋಟದ ಕೆಲಸ, ಕಾವಲು. ರಿಯಾಕ್ಟರ್ ನಿಲ್ಲಿಸಿ ದುರಸ್ತಿ ಮಾಡುವ "ಶಟ್‌ಡೌನ್" ಕಾಲದಲ್ಲಿ ಇನ್ನಷ್ಟು ಜನ ಬೇಕಾಗುತ್ತಾರೆ. ಪೊಲೀಸ್ ವೆರಿಫಿಕೇಶನ್ ಮಾಡಿಸಿ, ಗೇಟ್ ಪಾಸ್ ತೆಗೆದುಕೊಂಡು ಕೆಲವು ವಾರ ದುಡಿದು ಹೊರಗೆ ಬಂದರೆ ಮುಂದಿನ ಕರೆಗೆ ಕಾಯಬೇಕು.

ಗುತ್ತಿಗೆ ಕೆಲಸ ಅಂದ ಕೂಡಲೇ ಮೂಗು ಮುರಿಯುವುದು ನನಗೆ ಇಷ್ಟವಿಲ್ಲ. ಮನೆ ನಡೆಯುವುದು ಅದರಿಂದಲೇ. ಆದರೆ ಅದೇ ಕೆಲಸದಿಂದ ಕೈಗೆ ಏನು ಬರಬೇಕು ಅನ್ನುವುದನ್ನು ನಮ್ಮ ಹುಡುಗರು ಕೇಳುವುದೇ ಇಲ್ಲ. ಕೇಳಿದರೆ ಮುಂದಿನ ಸಲ ಕರೆಯಲ್ಲ ಅನ್ನುವ ಹೆದರಿಕೆ. ಹೆದರಿಕೆಗೆ ಕಾರಣವೂ ಇದೆ, ಇಲ್ಲ ಅನ್ನಲಾರೆ.

ನಮ್ಮ ಕೇರಿಯ ಒಬ್ಬ ಹುಡುಗನ ಪಿಎಫ್ ಪಾಸ್‌ಬುಕ್ಕನ್ನು ಈಚೆಗೆ ಉಮಂಗ್ ಆ್ಯಪ್‌ನಲ್ಲಿ ತೆರೆದು ನೋಡಿದೆವು. ಆತ ಯಾವ ಸ್ಥಳದಲ್ಲಿ ಕೆಲಸ ಮಾಡುತ್ತಾನೆ ಅನ್ನುವುದು ಇಲ್ಲಿ ಬೇಡ. ಒಂದೇ ಶೆಡ್ಡಿನಲ್ಲಿ, ಒಂದೇ ಪಂಪಿನ ಪಕ್ಕ ವರ್ಷಗಟ್ಟಲೆ ದುಡಿದಿದ್ದಾನೆ. ಪಾಸ್‌ಬುಕ್ಕಿನಲ್ಲಿ ಮಾತ್ರ ಮೂರು ಸಂಸ್ಥೆಗಳ ಹೆಸರು. ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಕೆಲವು ತಿಂಗಳು ಖಾಲಿ. "ಆಗ ಕೆಲಸ ಬಿಟ್ಟಿದ್ದೆಯಾ?" ಅಂತ ಕೇಳಿದರೆ, "ಇಲ್ಲ, ದಿನಾ ಹೋಗಿದ್ದೇನೆ" ಅಂದ. ಮೂರನೆಯ ಗುತ್ತಿಗೆದಾರ ಮೊದಮೊದಲು ಹಳೆಯ ಯುಎಎನ್ (ಪಿಎಫ್ ಖಾತೆಗಳನ್ನೆಲ್ಲ ಜೋಡಿಸುವ, ಒಬ್ಬರಿಗೆ ಒಂದೇ ಇರಬೇಕಾದ ಸಂಖ್ಯೆ) ಕೇಳದೆ ಹೊಸದನ್ನೇ ಮಾಡಿಸಿದ್ದ. ಖಾಲಿ ಕಂಡ ತಿಂಗಳ ಒಂದಿಷ್ಟು ದುಡ್ಡು ಅಲ್ಲಿ ಬಿದ್ದಿತ್ತು, ಉಳಿದದ್ದು ಎಲ್ಲೂ ಬಿದ್ದಿರಲಿಲ್ಲ.

ಇದು ಬರೀ ದುಡ್ಡಿನ ಮಾತಲ್ಲ. ಪಿಎಫ್‌ಗೆ ನೌಕರನ ಪಾಲು ವೇತನದ ಶೇ 12, ಮಾಲೀಕನ ಪಾಲೂ ಅಷ್ಟೇ. ಮಾಲೀಕನ ಪಾಲಿನಲ್ಲಿ ವೇತನದ ಶೇ 8.33ರಷ್ಟು ಪಿಂಚಣಿ ನಿಧಿಗೆ ಹೋಗುತ್ತದೆ. ಆ ಪಿಂಚಣಿ ಸಿಗಬೇಕಾದರೆ ಒಟ್ಟು 10 ವರ್ಷದ ಸೇವೆ ಬೇಕು. ಗುತ್ತಿಗೆದಾರ ಬದಲಾದರೂ ಯುಎಎನ್ ಒಂದೇ ಇದ್ದು, ಹಳೆಯ ಖಾತೆ ವರ್ಗವಾಗಿದ್ದರೆ ವರ್ಷಗಳು ಕೂಡುತ್ತಾ ಹೋಗುತ್ತವೆ. ಎರಡು ಮೂರು ಸಂಖ್ಯೆ ಆಗಿ, ಯಾವುದನ್ನೂ ಜೋಡಿಸದೆ ಬಿಟ್ಟರೆ ಪ್ರತಿ ಸಲವೂ ಒಂದರಿಂದ ಎಣಿಕೆ. ಸಂಬಳ ತಿಂಗಳಿಗೆ 21 ಸಾವಿರದ ಒಳಗಿದ್ದರೆ ಇಎಸ್‌ಐ, ಅಂದರೆ ಕಾರ್ಮಿಕರ ವಿಮೆ ಕೂಡ ಬರುತ್ತದೆ. ನೌಕರನಿಂದ ಶೇ 0.75, ಮಾಲೀಕನಿಂದ ಶೇ 3.25. ಇಎಸ್‌ಐ ಅಂದರೆ ಆಸ್ಪತ್ರೆ ಅಂತಷ್ಟೇ ಜನರಿಗೆ ಗೊತ್ತು. ಕೆಲಸ ಹೋದವರಿಗೆ ಸರಾಸರಿ ವೇತನದ ಅರ್ಧದಷ್ಟನ್ನು ಗರಿಷ್ಠ 90 ದಿನ ಕೊಡುವ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯೂ 2018ರಲ್ಲಿ ಅದರಲ್ಲೇ ಶುರುವಾಯಿತು. ಅದಕ್ಕೆ ಅರ್ಜಿ ಹಾಕಿದವರನ್ನು ನಮ್ಮ ಕಡೆ ನಾನಂತೂ ನೋಡಿಲ್ಲ.

2025ರ ನವೆಂಬರ್ 21ರಂದು ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. ಹಳೆಯ 29 ಕಾನೂನುಗಳ ಜಾಗಕ್ಕೆ ಬಂದ ಇವುಗಳ ಬಗ್ಗೆ ಕಾರ್ಮಿಕ ಸಂಘಗಳಿಗೆ ತಕರಾರು ಬೇಕಾದಷ್ಟಿದೆ. ಅದು ಬೇರೆಯೇ ಚರ್ಚೆ. ನಮ್ಮ ವಿಷಯಕ್ಕೆ ಬೇಕಾದದ್ದು ಅದರಲ್ಲಿ ಮೂರಿವೆ. ಕೆಲಸಕ್ಕೆ ಸೇರಿಸಿಕೊಳ್ಳುವಾಗ ನೇಮಕಾತಿ ಪತ್ರ ಕೊಡಬೇಕು. ಕೆಲಸಗಾರ ಕೇಳಿದರೆ ಗುತ್ತಿಗೆದಾರ ಅನುಭವ ಪತ್ರ ಕೊಡಬೇಕು, ಅದರಲ್ಲಿ ಮಾಡಿದ ಕೆಲಸದ ವಿವರ ಇರಬೇಕು. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಮುಖ್ಯ ಸಂಸ್ಥೆ ಕೊಡಬೇಕು. ಮೂರನೆಯದು ಹೊಸದೇನಲ್ಲ, 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲೂ ಇತ್ತು. ಎಷ್ಟು ಜನ ಬಳಸಿಕೊಂಡರು ಅನ್ನುವುದು ನಿಮಗೇ ಗೊತ್ತು.

ಅನುಭವ ಪತ್ರದ ಮಾತು ಬಂತಲ್ಲ, ಈಗ ಘಟ್ಟ ಹತ್ತಿ ಶಿರಸಿಗೆ ಹೋಗೋಣ. ಅಲ್ಲಿನ ಕಥೆ ಬೇರೆ ಅನಿಸುತ್ತದೆ. ಅಲ್ಲಿಂದ ರಾತ್ರಿ ಬಸ್ಸು ಹತ್ತುವವರು ಎಂಜಿನಿಯರ್‌ಗಳು. ಹತ್ತು ವರ್ಷದ ಹಿಂದೆ ಹೊಸಬರಿಗೆ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸು ಕೊಡುತ್ತಿದ್ದ ದೊಡ್ಡ ಐಟಿ ಕಂಪನಿಗಳು ಈಗಲೂ ಹೆಚ್ಚು ಕಡಿಮೆ ಅಷ್ಟೇ ಕೊಡುತ್ತಿವೆ. ಬಾಡಿಗೆ ಮಾತ್ರ ಅಲ್ಲೇ ನಿಂತಿಲ್ಲ. 2025ರ ಜುಲೈನಲ್ಲಿ ಟಿಸಿಎಸ್ ತನ್ನ ಸುಮಾರು 12 ಸಾವಿರ ನೌಕರರನ್ನು ಕಡಿಮೆ ಮಾಡುವುದಾಗಿ ಹೇಳಿದಾಗ ಶಿರಸಿ, ಸಿದ್ದಾಪುರ, ಯಲ್ಲಾಪುರದ ಎಷ್ಟೋ ಮನೆಗಳಲ್ಲಿ ಫೋನ್ ಹೋಗಿರಬೇಕು, "ನಿಂದು ಸರಿ ಇದ್ದಲ್ಲಾ?" ಅಂತ.

ಕೆಲಸ ಸಿಗದ ಹೊಸಬರಿಗೆ ಬೆಂಗಳೂರಿನಲ್ಲಿ ಒಂದು ಅಡ್ಡದಾರಿ ಕಾದು ಕೂತಿರುತ್ತದೆ. ದುಡ್ಡು ಕೊಟ್ಟರೆ ಎರಡು ಮೂರು ವರ್ಷದ ನಕಲಿ ಅನುಭವ ಪತ್ರ ಮಾಡಿಸಿಕೊಡುವ ಕನ್ಸಲ್ಟೆನ್ಸಿಗಳು. ಮೊದಲು ಇದು ನಡೆಯುತ್ತಿತ್ತು. ಈಗ ಕಂಪನಿಗಳು ಯುಎಎನ್‌ನಲ್ಲಿರುವ ಸೇವಾ ಇತಿಹಾಸವನ್ನೇ ನೋಡುತ್ತವೆ. ಯಾವ ತಿಂಗಳು ಯಾವ ಸಂಸ್ಥೆ ದುಡ್ಡು ಕಟ್ಟಿದೆ ಅನ್ನುವುದು ಅಲ್ಲೇ ಇರುತ್ತದೆ. ಸಿಕ್ಕಿಬಿದ್ದರೆ ಆ ಕೆಲಸ ಹೋಗುವುದಷ್ಟೇ ಅಲ್ಲ, ಮತ್ತೆ ಅದೇ ಕಂಪನಿಯ ಬಾಗಿಲು ತೆರೆಯುವುದಿಲ್ಲ. ಹಾಗಾಗಿ ನಮ್ಮ ಕೇರಿಯ ಹುಡುಗನ ಪಂಪು ರಿಪೇರಿಗೂ ಶಿರಸಿಯ ಹುಡುಗಿಯ ಕೋಡಿಂಗಿಗೂ ಸಾಕ್ಷಿ ಹೇಳುವುದು ಅದೇ 12 ಅಂಕಿಯ ಸಂಖ್ಯೆ. ನಾಲ್ಕು ಪುಟದ ಬಯೋಡೇಟಾಗಿಂತ ಅದಕ್ಕೆ ಬೆಲೆ ಜಾಸ್ತಿ.

ಶಿರಸಿ ಕಡೆಯವರಿಗೆ ಇನ್ನೊಂದು ಆಸರೆ ಇದೆ, ಅಡಿಕೆ ತೋಟ. 1923ರಲ್ಲಿ ಶುರುವಾದ ತೋಟಗಾರರ ಸೊಸೈಟಿ ಇವತ್ತಿಗೂ ಅಲ್ಲಿನ ಬದುಕಿನ ನಡುವೆ ನಿಂತಿದೆ. ಶಿರಸಿ ಅಡಿಕೆಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಸಿಕ್ಕಿತು. ಕೆಲಸ ಹುಡುಕುವ ಆರು ತಿಂಗಳ ಊಟ, ಬಾಡಿಗೆಯನ್ನು ಆ ತೋಟವೇ ಸದ್ದಿಲ್ಲದೆ ಕೊಡುತ್ತಿರುತ್ತದೆ. ಎರಡು ಎಕರೆ ಇದ್ದವನು ಬಂದ ಮೊದಲ ಕೆಲಸವನ್ನು ಬೇಡ ಅನ್ನಬಲ್ಲ. ಏನೂ ಇಲ್ಲದ ಮೀನುಗಾರರ ಮನೆಯವನಿಗೆ ಆ ಧೈರ್ಯ ಎಲ್ಲಿಂದ ಬರಬೇಕು? "ಒಳ್ಳೆ ಅವಕಾಶಕ್ಕೆ ಕಾಯಿರಿ" ಅಂತ ಭಾಷಣ ಮಾಡುವವರು ಈ ವ್ಯತ್ಯಾಸ ಮರೆಯುತ್ತಾರೆ. ಆದರೆ ಎಲೆಚುಕ್ಕೆ ರೋಗ, ಕೊಳೆ ರೋಗ ಎರಡೂ ಸೇರಿ ತೋಟದ ಆಸರೆಯನ್ನೂ ಸಡಿಲ ಮಾಡುತ್ತಿವೆ. ಜೊತೆಗೆ ಮದುವೆಯ ಲೆಕ್ಕ ಬೇರೆ. ತೋಟ ನೋಡಿಕೊಂಡು ಊರಲ್ಲಿರುವ ಹುಡುಗನಿಗೆ ಹೆಣ್ಣು ಸಿಗುವುದಿಲ್ಲ ಅನ್ನುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಹಾಗಾಗಿ ಬೆಂಗಳೂರಿನಲ್ಲಿ ಕೆಲಸ ಹೋದರೂ ಕೆಲವರು ಊರಲ್ಲಿ ಬಾಯಿ ಬಿಡುವುದಿಲ್ಲ. ಊರಿಗೆ ಬಂದು "ವರ್ಕ್ ಫ್ರಂ ಹೋಮ್" ಅಂತ ಲ್ಯಾಪ್‌ಟಾಪ್ ತೆರೆದು ಕೂರುತ್ತಾರೆ. ಇದರ ನಷ್ಟ ಏನು ಗೊತ್ತಾ? ಕೆಲಸ ಹೋಗಿದೆ ಅಂತ ಯಾರಿಗೂ ಹೇಳದಿದ್ದರೆ ಹೊಸ ಕೆಲಸದ ಸುದ್ದಿಯನ್ನು ಯಾರೂ ಹೇಳುವುದಿಲ್ಲ. ನಮ್ಮಲ್ಲಿ ಬಹಳಷ್ಟು ಕೆಲಸ ಸಿಗುವುದು ಊರಿನವರ, ಹಳೆಯ ಸಹೋದ್ಯೋಗಿಗಳ ಬಾಯಿಂದಲೇ.

ಇನ್ನು ಸರ್ಕಾರಿ ಕೆಲಸ. ಇದರ ಬಗ್ಗೆ ಬರೆಯಲು ನನಗೆ ಸ್ವಲ್ಪ ಹಿಂಜರಿಕೆ, ಯಾಕೆಂದರೆ ಓದುತ್ತಾ ಕೂತವರ ಕಷ್ಟ ದೊಡ್ಡದು. ಆದರೂ ಲೆಕ್ಕ ಲೆಕ್ಕವೇ. 545 ಪಿಎಸ್‌ಐ ಹುದ್ದೆಗಳ ಲಿಖಿತ ಪರೀಕ್ಷೆ ನಡೆದದ್ದು 2021ರ ಅಕ್ಟೋಬರ್‌ನಲ್ಲಿ. ಅಕ್ರಮ ಬಯಲಾಗಿ 2022ರಲ್ಲಿ ರದ್ದಾಯಿತು. ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. ಮೊದಲ ಸಲ ಬರೆದಾಗ 24 ವರ್ಷದವನಾಗಿದ್ದ ಹುಡುಗ ಎರಡನೇ ಸಲ ಬರೆಯುವಾಗ 26 ದಾಟಿದ್ದ. ಕೆಎಎಸ್ ಪೂರ್ವಭಾವಿ ಪರೀಕ್ಷೆಯನ್ನು ಅನುವಾದದ ತಪ್ಪುಗಳ ಕಾರಣಕ್ಕೆ 2024ರ ಡಿಸೆಂಬರ್ 29ರಂದು ಮತ್ತೆ ನಡೆಸಬೇಕಾಯಿತು. ಅದೇ ವರ್ಷ ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನ ಆಗುವವರೆಗೆ ಹೊಸ ಅಧಿಸೂಚನೆ ಬೇಡ ಅಂತ ಸರ್ಕಾರ ನಿರ್ಧರಿಸಿತು. ಇದರಲ್ಲಿ ಅಭ್ಯರ್ಥಿಯ ತಪ್ಪು ಒಂದೂ ಇಲ್ಲ. ವಯಸ್ಸು ಮಾತ್ರ ಅವನದೇ ಹೋಗುತ್ತದೆ.

ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿ, ಕೋಚಿಂಗ್‌ಗೆ ಸೇರಿ, ಬೇರೆ ಏನೂ ಮಾಡದೆ ಮೂರು ನಾಲ್ಕು ವರ್ಷ ಕೂತವರಿಗೆ ಆಮೇಲೆ ಖಾಸಗಿ ಕೆಲಸಕ್ಕೆ ಹೋದಾಗ ಎದುರಾಗುವ ಮೊದಲ ಪ್ರಶ್ನೆ, "ಇಷ್ಟು ವರ್ಷ ಏನು ಮಾಡಿದ್ರಿ?" ಯುವನಿಧಿ ಇದಕ್ಕೆ ಪೂರ್ತಿ ಉತ್ತರವಲ್ಲ. 2024ರ ಜನವರಿಯಲ್ಲಿ ಶುರುವಾದ ಆ ಯೋಜನೆಯಲ್ಲಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಗರಿಷ್ಠ ಎರಡು ವರ್ಷ. ಅಪ್ರೆಂಟಿಸ್ ಭತ್ಯೆ ಪಡೆಯುವವರಿಗೆ ಇದು ಸಿಗುವುದಿಲ್ಲ. ಸರ್ಕಾರದ ಲೆಕ್ಕಕ್ಕೆ ಅದು ಸರಿಯೇ ಇರಬಹುದು. ಆದರೆ ಇವೆರಡರಲ್ಲಿ ಒಂದನ್ನು ಆರಿಸುವ ಪರಿಸ್ಥಿತಿ ಬಂದರೆ ಕಣ್ಣು ಮುಚ್ಚಿ ಅಪ್ರೆಂಟಿಸ್ ಕಡೆ ಹೋಗಿ. ಕಾರವಾರದ ನೌಕಾ ಹಡಗು ದುರಸ್ತಿ ಯಾರ್ಡ್, ಕೈಗಾ ಎರಡೂ ಐಟಿಐ ಆದವರನ್ನು ಅಪ್ರೆಂಟಿಸ್ ಆಗಿ ತೆಗೆದುಕೊಳ್ಳುತ್ತವೆ. ಮುಗಿದ ಮೇಲೆ ಅಲ್ಲೇ ಕಾಯಂ ಆಗುತ್ತೀರಿ ಅಂತ ಯಾರೂ ಹೇಳುವುದಿಲ್ಲ. ಪರೀಕ್ಷೆ ಪಾಸಾದರೆ ಸಿಗುವ ರಾಷ್ಟ್ರೀಯ ಅಪ್ರೆಂಟಿಸ್ ಪ್ರಮಾಣಪತ್ರ ಮಾತ್ರ ದೇಶದ ಯಾವ ಮೂಲೆಯಲ್ಲೂ ನಡೆಯುತ್ತದೆ.

ಗೋವಾದ ವಿಷಯಕ್ಕೆ ಬಂದರೆ ಅಲ್ಲಿ ಎರಡು ತರಹದ ಕೆಲಸಗಳಿವೆ. ಕೊಂಕಣ ರೈಲು 1998ರಲ್ಲಿ ಪೂರ್ತಿಯಾದ ಮೇಲೆ ಕಾರವಾರದವರಿಗೆ ಮಡಗಾಂವ್ ಪಕ್ಕದ ಊರಾಯಿತು. ಹೋಟೆಲ್, ರೆಸಾರ್ಟ್ ಕೆಲಸ ಸುಲಭವಾಗಿ ಸಿಗುತ್ತದೆ, ಮಳೆ ಶುರುವಾದರೆ ಅಷ್ಟೇ ಸುಲಭವಾಗಿ ಹೋಗುತ್ತದೆ. ನಮ್ಮ ಗೋಕರ್ಣ, ಮುರ್ಡೇಶ್ವರಗಳಲ್ಲೂ ಅದೇ ಹಾಡು. ವೆರ್ಣಾದ ಔಷಧ ಕಾರ್ಖಾನೆಗಳದ್ದು ಬೇರೆ ಲೆಕ್ಕ. ಕಾರವಾರ, ಕುಮಟಾದಲ್ಲಿ ಬಿಎಸ್ಸಿ ಕೆಮಿಸ್ಟ್ರಿ ಮಾಡಿದವರು ಅಲ್ಲಿ ಗುಣಮಟ್ಟ ಪರೀಕ್ಷೆಯ ಲ್ಯಾಬಿಗೆ ಸೇರುತ್ತಾರೆ. ಶುರುವಿನ ಸಂಬಳ ರೆಸಾರ್ಟಿನ ಟಿಪ್ಸ್ ಸೇರಿದ ದುಡ್ಡಿಗಿಂತ ಕಡಿಮೆಯೇ ಇರಬಹುದು. ಆದರೆ ಔಷಧದಲ್ಲಿ ಏನೇನು ಎಷ್ಟಿದೆ ಅಂತ ಅಳೆಯುವ ಎಚ್‌ಪಿಎಲ್‌ಸಿ ಯಂತ್ರದ ಮುಂದೆ ಎರಡು ವರ್ಷ ನಿಂತವನಿಗೆ ಹೈದರಾಬಾದ್, ಬೆಂಗಳೂರು, ಅಹಮದಾಬಾದ್ ಎಲ್ಲಿ ಹೋದರೂ ಸಂದರ್ಶನದಲ್ಲಿ ಮಾತಾಡಲು ವಿಷಯ ಇರುತ್ತದೆ. ಅಲ್ಲಿ ಕೇಳುವ ಪ್ರಶ್ನೆಯೇ ಅದು, "ಎಚ್‌ಪಿಎಲ್‌ಸಿ ನಡೆಸಿದ್ದೀರಾ?" ಕಡಿಮೆ ಸಂಬಳದ ಆ ಎರಡು ವರ್ಷ ನನ್ನ ಪ್ರಕಾರ ನಷ್ಟವಲ್ಲ. ಮನೆಗೆ ಪ್ರತಿ ತಿಂಗಳು ದುಡ್ಡು ಕಳಿಸಲೇಬೇಕಾದವನಿಗೆ ಈ ಮಾತು ಸುಲಭವಾಗಿ ಹೇಳಲಾಗುವುದಿಲ್ಲ, ಒಪ್ಪುತ್ತೇನೆ.

ಕರಾವಳಿಯ ಕೆಲಸಕ್ಕೆ ಒಂದು ಪಂಚಾಂಗ ಇದೆ. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಬೈತಖೋಲ್ ಬಂದರಿನಲ್ಲಿ ದೋಣಿಗಳು ಲಂಗರು ಹಾಕಿರುತ್ತವೆ. ಬೀಚಿನಲ್ಲಿ ಜಲಕ್ರೀಡೆ ಬಂದ್, ಹೋಂಸ್ಟೇ ಖಾಲಿ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿಯೇ ಬಂದ್ ಆಗಿ, ಅದನ್ನು ನಂಬಿದ ಹೋಟೆಲು, ಗ್ಯಾರೇಜುಗಳ ದುಡಿಮೆಯೂ ನಿಂತಿತು. ದುಡ್ಡು ಎಲ್ಲರ ಕೈಯಲ್ಲೂ ಒಟ್ಟಿಗೇ ಖಾಲಿಯಾಗುವ ಕಾಲ ಇದು. ಆಗಲೇ ಏಜೆಂಟರೂ ಬರುತ್ತಾರೆ. ಗಲ್ಫ್‌ನಲ್ಲಿ ಕೆಲಸ, ಹಡಗಿನಲ್ಲಿ ಕೆಲಸ, ಥಾಯ್ಲೆಂಡಿನಲ್ಲಿ ಡೇಟಾ ಎಂಟ್ರಿ.

ಭಟ್ಕಳ, ಹೊನ್ನಾವರದವರಿಗೆ ಗಲ್ಫ್ ಹೊಸದಲ್ಲ. ಅಲ್ಲಿ ಅಣ್ಣ, ಮಾವ ಯಾರಾದರೂ ಇರುತ್ತಾರೆ, ವಿಚಾರಿಸಿ ಹೇಳುತ್ತಾರೆ. ಮೋಸ ಹೋಗುವುದು ಹಾಗೆ ಯಾರೂ ಇಲ್ಲದವರು. ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಸೇವಾಶುಲ್ಕ ಗರಿಷ್ಠ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಒಂದೂವರೆ ಲಕ್ಷ, ಎರಡು ಲಕ್ಷ ಕೇಳಿದರೆ ಅಲ್ಲಿಗೇ ಮಾತು ಮುಗಿಸಿ. ಕೇಂದ್ರ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ಏಜೆಂಟನ ಹೆಸರು ಇದೆಯಾ ನೋಡಿ. ವಿಸಿಟ್ ವೀಸಾದಲ್ಲಿ ಹೋಗಿ ಅಲ್ಲಿ ಬದಲಾಯಿಸಿಕೊಳ್ಳೋಣ ಅಂದರೆ ಹೋಗಬೇಡಿ. ಥಾಯ್ಲೆಂಡ್ ಅಂತ ಕರೆದುಕೊಂಡು ಹೋಗಿ ಮ್ಯಾನ್ಮಾರ್ ಗಡಿಯ ಸೈಬರ್ ವಂಚನೆ ಕೇಂದ್ರಗಳಿಗೆ ತಳ್ಳಿದ ನೂರಾರು ಭಾರತೀಯರನ್ನು 2025ರಲ್ಲಿ ಸರ್ಕಾರ ವಿಮಾನ ಕಳಿಸಿ ಕರೆಸಿಕೊಂಡಿತು.

ಈಗ ಮತ್ತೆ ಕೈಗಾ. ಅಲ್ಲಿ ತಲಾ 700 ಮೆಗಾವ್ಯಾಟ್‌ನ 5 ಮತ್ತು 6ನೇ ಘಟಕಗಳು ಬರುತ್ತಿವೆ. ಅಂಕೋಲಾದ ಕೇಣಿಯಲ್ಲಿ ಬಂದರು ಕಟ್ಟುವ ಮಾತಿದೆ. ಅಲ್ಲಿನ ಮೀನುಗಾರರ ವಿರೋಧಕ್ಕೆ ಗಟ್ಟಿ ಕಾರಣಗಳೂ ಇವೆ. ಎರಡೂ ಕಡೆ ಕೇಳುವ ಭರವಸೆ ಒಂದೇ, "ಸ್ಥಳೀಯರಿಗೆ ಉದ್ಯೋಗ". ರಾಜ್ಯ ಸರ್ಕಾರ 2024ರ ಜುಲೈನಲ್ಲಿ ಸ್ಥಳೀಯರಿಗೆ ಖಾಸಗಿ ಉದ್ಯೋಗದಲ್ಲಿ ಮೀಸಲಾತಿ ಕೊಡುವ ಮಸೂದೆಗೆ ಸಂಪುಟದಲ್ಲಿ ಒಪ್ಪಿಗೆ ಕೊಟ್ಟು, ಉದ್ಯಮಿಗಳ ವಿರೋಧ ಕಂಡು ಎರಡೇ ದಿನಕ್ಕೆ ತಡೆಹಿಡಿಯಿತು. ಹಾಗಾಗಿ ಭರವಸೆಯನ್ನು ನಂಬಿ ಕೂರುವ ಬದಲು ಎಂಥ ಉದ್ಯೋಗ ಅಂತ ಈಗಲೇ ಕೇಳಬೇಕು.

ಕಟ್ಟುವ ಕಾಲಕ್ಕೆ ಬೇಕಾಗುವವರು ಬೇರೆ, ನಡೆಸುವ ಕಾಲಕ್ಕೆ ಬೇಕಾಗುವವರು ಬೇರೆ. ಕಟ್ಟುವಾಗ ಸಾವಿರಾರು ಜನ ಬೇಕು. ಕಬ್ಬಿಣದ ಕಂಬಿ ಕಟ್ಟುವವರು, ಸೆಂಟ್ರಿಂಗಿನವರು, ಕ್ರೇನ್ ನಡೆಸುವವರು, ವೆಲ್ಡರ್‌ಗಳು. ಈ ಕೆಲಸಕ್ಕೆ ಬಿಹಾರ, ಜಾರ್ಖಂಡ್, ಒಡಿಶಾದ ತಂಡಗಳು ಬರುತ್ತವೆ. ಅವರಿಗೆ ಆ ಕೆಲಸ ಗೊತ್ತಿದೆ, ಅದಕ್ಕೇ ಬರುತ್ತಾರೆ. ಅವರ ಮೇಲೆ ಸಿಟ್ಟು ಮಾಡಿ ಪ್ರಯೋಜನ ಇಲ್ಲ. ಇಂಥ ಕಡೆ ಪೈಪ್ ವೆಲ್ಡರ್ ಆಗಬೇಕಾದರೆ "6ಜಿ" ಅನ್ನುವ ಪರೀಕ್ಷೆ ಇರುತ್ತದೆ. ಪೈಪನ್ನು 45 ಡಿಗ್ರಿ ಓರೆಯಾಗಿ ಅಲ್ಲಾಡದಂತೆ ಬಿಗಿದಿರುತ್ತಾರೆ. ವೆಲ್ಡರ್ ಮೇಲೆ, ಕೆಳಗೆ, ಪಕ್ಕದಲ್ಲಿ ಮೈ ಬಗ್ಗಿಸಿ ಸುತ್ತಲೂ ಬೆಸುಗೆ ಹಾಕಬೇಕು. ಆಮೇಲೆ ಅದರ ಎಕ್ಸ್‌ರೇ ತೆಗೆಯುತ್ತಾರೆ. ಒಳಗೆ ಒಂದು ಸಣ್ಣ ಗುಳ್ಳೆ ಅಳತೆ ಮೀರಿ ಕಂಡರೂ ಫೇಲು. ಪಾಸಾದವನಿಗೆ ಕೈಗಾ, ಮಂಗಳೂರು, ಅಬುಧಾಬಿ ಎಲ್ಲವೂ ಒಂದೇ. ನಮ್ಮ ಐಟಿಐಗಳಲ್ಲಿ ವೆಲ್ಡರ್ ಕೋರ್ಸಿಗೆ ಸೇರಲು ಮಾತ್ರ ಹುಡುಗರಿಗೆ ಮುಜುಗರ. ಬಿಕಾಂ ಮಾಡಿ ಖಾಲಿ ಕೂರುವುದಕ್ಕೆ ಆ ಮುಜುಗರ ಇಲ್ಲ.

ಕಾಲದ ಲೆಕ್ಕವನ್ನೂ ನೋಡಿ. ಗುಜರಾತಿನ ಕಾಕ್ರಾಪಾರದಲ್ಲಿ ಇದೇ 700 ಮೆಗಾವ್ಯಾಟ್ ಮಾದರಿಯ ಮೊದಲ ಘಟಕಕ್ಕೆ 2010ರಲ್ಲಿ ಕಾಂಕ್ರೀಟ್ ಬಿತ್ತು. ವಾಣಿಜ್ಯ ಉತ್ಪಾದನೆ ಶುರುವಾದದ್ದು 2023ರಲ್ಲಿ. ಕೈಗಾದಲ್ಲಿ ಅಷ್ಟು ತಡವಾಗದೆ ಇರಬಹುದು. ಅದರ ಅರ್ಧ ಅಂದುಕೊಂಡರೂ ಆರೇಳು ವರ್ಷದ ಕೆಲಸ. ಐಟಿಐನಲ್ಲಿ ವೆಲ್ಡರ್ ಕೋರ್ಸು ಒಂದು ವರ್ಷ, ಫಿಟ್ಟರ್, ಎಲೆಕ್ಟ್ರಿಷಿಯನ್ ಎರಡು ವರ್ಷ. ಬರುವ ಪ್ರವೇಶದಲ್ಲಿ ಫಿಟ್ಟರ್ ಸೇರಿದವನು ಕೋರ್ಸು ಮುಗಿಸಿ, ಒಂದು ವರ್ಷ ಅಪ್ರೆಂಟಿಸ್ ಮಾಡಿ ಹೊರಬಂದಾಗಲೂ ಕೈಗಾದಲ್ಲಿ ಪೈಪು, ಪಂಪುಗಳ ಕೆಲಸ ಬಾಕಿಯೇ ಇರುತ್ತದೆ. ಅವನು ಹೋಗುವುದೂ ಯಾವುದೋ ಗುತ್ತಿಗೆದಾರನ ಕೈಕೆಳಗೇ. ಹಳೆಯ ಯುಎಎನ್ ಇದ್ದರೆ ಗೇಟ್ ಪಾಸಿನ ಕಾಗದಗಳ ಜೊತೆ ಅದನ್ನೂ ಮೊದಲ ದಿನವೇ ಕೊಡಲಿ, ನೇಮಕಾತಿ ಪತ್ರದಲ್ಲಿ "ಹೆಲ್ಪರ್" ಅಂತ ಬರೆದಿದ್ದರೆ "ಫಿಟ್ಟರ್" ಅಂತ ತಿದ್ದಿಸಿಕೊಂಡೇ ಸಹಿ ಹಾಕಲಿ.